ಡಬ್ಬದ ವಾಸನೆಗೆ ಮಾರ್ಕ್ಸ್ ಹಾಕಬೇಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಹುಣಸೂರು ಸೀಮೆಯ ಹೊಗೆಸೊಪ್ಪಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಪೈಪಿನ ವಿಷಯ. ಹರಾಜು ಕಟ್ಟೆಯಲ್ಲಿ ಸೊಪ್ಪಿನ ಕಟ್ಟು, ಅಂದರೆ ಬೇಲು ಬಿಚ್ಚಿ, ಎಲೆ ಮುಟ್ಟಿ, ಮೂಸಿ, ಇದು ಯಾವ ದರ್ಜೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡಾಗಿತ್ತು. ಈಗ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ಪೈಪು ಸೇದುವುದನ್ನು ತೀರಾ ಕಡಿಮೆ ಮಾಡಿದ್ದೇನೆ, ಮೂಸುವ ಚಾಳಿ ಮಾತ್ರ ಹೋಗಿಲ್ಲ. ಸೇದದವರಿಗೆ ಸೇದುವುದನ್ನು ಕಲಿಸಲು ಇದನ್ನು ಬರೆಯುತ್ತಿಲ್ಲ. ಅವರು ಈ ಪುಟ ದಾಟಿ ಅಡುಗೆ ಅಂಕಣಕ್ಕೆ ಹೋದರೆ ನನಗೇ ಸಂತೋಷ.

ಮಗ ಹೊರದೇಶದಿಂದ ಬರುವಾಗ ಪೈಪ್ ತಂಬಾಕಿನ ಡಬ್ಬ ತಂದುಕೊಟ್ಟ. ‘ನ್ಯಾಚುರಲ್, ಯಾವ ಘಮವನ್ನೂ ಸೇರಿಸಿಲ್ಲ, ವರ್ಜೀನಿಯಾ ಮತ್ತು ಸ್ವಲ್ಪ ಪೆರೀಕ್’ ಎಂದು ಬರೆದಿದೆ. ತೆರೆದರೆ ಒಣಹುಲ್ಲಿನ ವಾಸನೆ, ಜೊತೆಗೆ ಒಂಥರಾ ಹುಳಿ. ಸೇದಿದರೆ ನಾಲಿಗೆ ಉರಿ. ರುಚಿಯೇ ಸಿಗುತ್ತಿಲ್ಲ. ಇಷ್ಟು ದಿನ ನಾನು ಸೇದುತ್ತಿದ್ದದ್ದು ವೆನಿಲಾ ಘಮದ್ದು. ಇದು ಕೆಟ್ಟ ಮಾಲಾ? ಇಂಥದ್ದನ್ನು ಪರೀಕ್ಷೆ ಮಾಡುವುದು ಹೇಗೆ?
— ಓದುಗರು, ಕುವೆಂಪುನಗರ, ಮೈಸೂರು

ಮಾಲು ಕೆಟ್ಟಿಲ್ಲ ಸರ್. ಸೊಪ್ಪಿನ ಸ್ವಂತ ವಾಸನೆ ನಿಮ್ಮ ಮೂಗಿಗೆ ಹೊಸದು, ಅಷ್ಟೇ.

ಪೈಪ್ ತಂಬಾಕಿಗೆ ಹೊರಗಿನ ರುಚಿ ಸೇರುವುದು ಎರಡು ಹಂತದಲ್ಲಿ. ಎಲೆ ಹದ ಮಾಡುವಾಗಲೇ ಸಕ್ಕರೆ, ಜ್ಯೇಷ್ಠಮಧು, ಕೋಕೋ ಇಂಥವುಗಳ ನೀರು ಕುಡಿಸಿದರೆ ಅದು ಕೇಸಿಂಗ್. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ವೆನಿಲಾ, ಚೆರ್ರಿ, ರಮ್ ಎಂದು ಘಮ ಚಿಮುಕಿಸಿದರೆ ಟಾಪಿಂಗ್. ನೀವು ಇಷ್ಟು ದಿನ ಮೆಚ್ಚಿಕೊಂಡಿದ್ದು ಟಾಪಿಂಗನ್ನು. ಅದರ ಅಡಿಯಲ್ಲಿ ಸಾಮಾನ್ಯವಾಗಿ ಇರುವುದು ಬ್ಲ್ಯಾಕ್ ಕ್ಯಾವೆಂಡಿಷ್, ಅಂದರೆ ಹಬೆಯಲ್ಲಿ ಬೇಯಿಸಿ, ಒತ್ತಿ ಕಪ್ಪಾಗಿಸಿದ ಎಲೆ. ಅದಕ್ಕೆ ತನ್ನದೇ ಅಂತ ರುಚಿ ಕಡಿಮೆ, ಯಾವ ಘಮ ಹಾಕಿದರೂ ಹೀರಿಕೊಳ್ಳುತ್ತದೆ. ‘ನ್ಯಾಚುರಲ್’ ಎಂದು ಬರೆದಿದ್ದರೆ ಟಾಪಿಂಗ್ ಇಲ್ಲ ಎಂದು ನಂಬಬಹುದು. ಕೇಸಿಂಗ್ ಸ್ವಲ್ಪ ಇದ್ದರೂ ಇರಬಹುದು. ಎಲ್ಲ ಕಂಪನಿಗೂ ಇದರಲ್ಲಿ ಒಂದೇ ಲೆಕ್ಕ ಇಲ್ಲ.

ಒಣಹುಲ್ಲಿನ ವಾಸನೆ ವರ್ಜೀನಿಯಾ ಎಂಬ ಜಾತಿಯ ಸೊಪ್ಪಿನದು. ಇನ್ನೂ ಎಳೆಯ ಮಾಲಿನಲ್ಲಿ ಅದು ಜಾಸ್ತಿ. ವರ್ಷಗಟ್ಟಲೆ ಡಬ್ಬದಲ್ಲಿ ಕೂತರೆ ಒಣದ್ರಾಕ್ಷಿ ಕಡೆಗೆ ತಿರುಗುತ್ತದೆ. ಹುಳಿ ಪೆರೀಕ್‌ದು. ಇದು ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಜಾಗದ ಸರಕು. ಎಲೆಯನ್ನು ಓಕ್ ಪೀಪಾಯಿಗೆ ತುಂಬಿ, ಜ್ಯಾಕ್ ಹಾಕಿ ಒತ್ತಿ, ತನ್ನ ರಸದಲ್ಲೇ ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಾರೆ. ನಡುನಡುವೆ ಹೊರಗೆ ತೆಗೆದು ಗಾಳಿಯಾಡಿಸಿ ಮತ್ತೆ ಒತ್ತುತ್ತಾರೆ. ಬರೀ ಪೆರೀಕ್ ಸೇದುವುದು ಕಷ್ಟ, ಖಾರ. ಮಿಶ್ರಣಕ್ಕೆ ಒಗ್ಗರಣೆಯಷ್ಟೇ ಹಾಕುತ್ತಾರೆ. ಆದ್ದರಿಂದ ಹುಳಿ ಬಂದರೆ ಗಾಬರಿ ಬೇಡ. ಮುಗ್ಗಲು ವಾಸನೆ ಬಂದರೆ ಮಾತ್ರ ಗಾಬರಿಯಾಗಿ.

ಈಗ ನಾಲಿಗೆ ಉರಿ. ಡಬ್ಬದಿಂದ ತೆಗೆದ ಹಾಗೇ ಪೈಪಿಗೆ ತುಂಬಿದ್ದೀರಿ ಎಂದು ನನ್ನ ಊಹೆ. ಹೊಸ ಡಬ್ಬದ ಮಾಲು ಬಹಳ ಸಲ ಬೇಕಾದ್ದಕ್ಕಿಂತ ಒದ್ದೆ ಇರುತ್ತದೆ. ಒದ್ದೆ ಸೊಪ್ಪು ಸರಿಯಾಗಿ ಹತ್ತುವುದಿಲ್ಲ. ಹತ್ತದ್ದಕ್ಕೆ ಜೋರಾಗಿ ಎಳೆಯುತ್ತೀರಿ. ಎಳೆದಷ್ಟೂ ಬಿಸಿ ಹಬೆ ನಾಲಿಗೆಗೆ ಹೊಡೆಯುತ್ತದೆ. ಅದು ಸೊಪ್ಪಿನ ದೋಷ ಅಲ್ಲ, ನೀರಿನದ್ದು. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಜಾಸ್ತಿ, ಅವಸರ ಮಾಡಿದರೆ ಬೇರೆ ಸೊಪ್ಪಿಗಿಂತ ಬೇಗ ಕಚ್ಚುತ್ತದೆ.

ಒಂದು ಸಲಕ್ಕೆ ಆಗುವಷ್ಟು ಸೊಪ್ಪನ್ನು ನ್ಯೂಸ್ ಪೇಪರ್ ಬೇಡ, ಬಿಳಿ ಹಾಳೆಯ ಮೇಲೆ ಹರಡಿ. ಶಾಯಿ ವಾಸನೆ ಹಿಡಿಯುತ್ತದೆ. ಮಾರ್ಚ್, ಏಪ್ರಿಲ್ ಮೈಸೂರಿನಲ್ಲಿ ಇಪ್ಪತ್ತು ನಿಮಿಷ ಸಾಕಾಗಬಹುದು, ಆಷಾಢದ ಜಡಿಯಲ್ಲಿ ಒಂದು ಗಂಟೆಯಾದರೂ ಸಾಲದು. ಗಡಿಯಾರ ಬಿಟ್ಟು ಬೆರಳನ್ನು ನಂಬಿ. ಚಿಟಿಕೆ ಹಿಡಿದು ಹಿಸುಕಿ ಬಿಡಿ. ಉಂಡೆಯಾಗಿ ನಿಂತರೆ ಇನ್ನೂ ಹಸಿ. ಪುಡಿಯಾದರೆ ಹೆಚ್ಚು ಒಣಗಿತು. ಹಿಸುಕಿದ್ದು ನಿಧಾನವಾಗಿ ಬಿಚ್ಚಿಕೊಂಡು, ಬೆರಳಿಗೆ ತಂಪು ತಾಗಿಯೂ ತಾಗದ ಹಾಗಿದ್ದರೆ ಸರಿ. ಹರಾಜು ಕಟ್ಟೆಯಲ್ಲಿ ಬೇಲಿನ ಹದ ನೋಡುತ್ತಿದ್ದದ್ದೂ ಹೀಗೇ, ಬೆರಳಲ್ಲೇ. ನಿಮ್ಮ ಮಾಲು ತಟ್ಟೆ ತಟ್ಟೆಯಾಗಿ ಒತ್ತಿದ ಫ್ಲೇಕ್ ಆಗಿದ್ದರೆ ಮೊದಲು ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸಿ, ಆಮೇಲೆ ಒಣಗಿಸಿ.

ತುಂಬುವಾಗ ಕೆಳಗೆ ಸಡಿಲ, ಮೇಲೆ ಸ್ವಲ್ಪ ಬಿಗಿ. ಹಚ್ಚುವ ಮೊದಲು ಸುಮ್ನೆ ಒಂದು ಸಲ ಎಳೆದು ನೋಡಿ. ಗಾಳಿ ತಡೆದು ತಡೆದು ಬಂದರೆ ಸುರಿದು ಮತ್ತೆ ತುಂಬಿ. ಬೆಂಕಿಕಡ್ಡಿಯ ತಲೆಯ ಗಂಧಕ ಪೂರ್ತಿ ಉರಿದು ಹೋಗುವವರೆಗೆ ಕಾಯಿರಿ, ಇಲ್ಲದಿದ್ದರೆ ಮೊದಲ ರುಚಿ ಗಂಧಕದ್ದೇ. ಮೊದಲ ಸಲ ಹಚ್ಚಿದಾಗ ಸೊಪ್ಪು ಉಬ್ಬಿ ಮೇಲೇಳುತ್ತದೆ. ಮೆಲ್ಲಗೆ ಒತ್ತಿ ಮತ್ತೆ ಹಚ್ಚಿ. ಅಲ್ಲಿಂದ ಮುಂದೆ ಆರಿಹೋಗುತ್ತದೋ ಏನೋ ಅನ್ನುವಷ್ಟು ನಿಧಾನ. ಆರಿದರೆ ಇನ್ನೊಂದು ಕಡ್ಡಿ ಗೀರಿ, ಅವಮಾನ ಏನಿಲ್ಲ. ಪೈಪಿನ ಬಟ್ಟಲು ಕೆನ್ನೆಗೆ ತಾಗಿಸಿದಾಗ ಸುಟ್ಟರೆ ಕೆಳಗಿಡಿ.

ಇಷ್ಟಾದ ಮೇಲೆ ಪರೀಕ್ಷೆ ಶುರು. ಮೊದಲ ಮೂರನೇ ಒಂದು ಭಾಗದಲ್ಲಿ ವರ್ಜೀನಿಯಾದ ಸಿಹಿ, ನಿಂಬೆ ಸಿಪ್ಪೆಯಂಥ ಚುರುಕು ಕಾಣಬೇಕು. ನಡುವಿನಲ್ಲಿ ಸಿಹಿ ಗಟ್ಟಿಯಾಗಿ ಬ್ರೆಡ್ಡಿನ ಕಡೆ ಹೋಗುತ್ತದೆ. ಆಗ ಬಾಯಲ್ಲಿರುವ ಹೊಗೆಯಲ್ಲಿ ಚೂರೇ ಚೂರನ್ನು ಮೂಗಿನಿಂದ ಹೊರಗೆ ಬಿಡಿ. ಎದೆಗೆ ಎಳೆಯಬೇಡಿ, ಬಾಯಿಂದ ಮೂಗಿಗೆ, ಅಷ್ಟೇ. ಪೆರೀಕ್‌ನ ಮೆಣಸು ಅಲ್ಲಿ ಗೊತ್ತಾಗುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಕೊನೆಯ ಭಾಗ ಎಲ್ಲಕ್ಕಿಂತ ಮುಖ್ಯ. ಕಳಪೆ ಸೊಪ್ಪು ಮುಚ್ಚಿಟ್ಟುಕೊಂಡಿದ್ದೆಲ್ಲ ಅಲ್ಲಿ ಹೊರಬರುತ್ತದೆ: ಕಹಿ, ಬೂದಿ ರುಚಿ, ಗೊರಗೊರ ನೀರು. ಒಳ್ಳೆಯದಾದರೆ ಖಾರ ಏರಿದರೂ ಸಿಹಿ ಬಿಟ್ಟುಹೋಗುವುದಿಲ್ಲ.

ಹಸಿದ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುತ್ತದೆ. ಬಿಸಿಬೇಳೆಬಾತ್ ಹೊಡೆದ ತಕ್ಷಣವೂ ಬೇಡ, ಇಂಗು ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನೀರು ಇರಲಿ, ಫಿಲ್ಟರ್ ಕಾಫಿ ಬೇರೆ ದಿನಕ್ಕೆ. ವೆನಿಲಾಕ್ಕೆ ಒಗ್ಗಿದ ಬಾಯಿ ಮೊದಮೊದಲು ಇದರಲ್ಲಿ ಏನನ್ನೂ ಕಾಣದು. ಆಗಲೇ ತೀರ್ಪು ಕೊಡಬೇಡಿ.

ನಾವು ಪಿರಿಯಾಪಟ್ಟಣ ತಾಲ್ಲೂಕಿನ ಬೆಳೆಗಾರರು. ಸೊಪ್ಪು ಬೇಯಿಸುವ ಸ್ವಂತ ಬ್ಯಾರನ್ ಇದೆ. ಬೇಯಿಸಿದ ಸೊಪ್ಪನ್ನು ಚೂರು ಮಾಡಿ ಪೈಪಿಗೆ ಹಾಕಿ ಸೇದಿ ನೋಡಿದೆ. ಗಂಟಲು ಕೆರೆಯಿತು, ತಲೆ ಗಿರ್ ಅಂದಿತು. ಪೈಪಿಗೆ ಬರುವ ವರ್ಜೀನಿಯಾನೂ ಇದೇ ಜಾತಿ ತಾನೇ? ಇದಕ್ಕಿಂತ ನ್ಯಾಚುರಲ್ ಇನ್ನೇನಿದೆ?
— ಹೆಸರು ಬೇಡ, ಪಿರಿಯಾಪಟ್ಟಣ

ಜಾತಿ ಅದೇ ಅಣ್ಣಾ. ನೀವು ಬೆಳೆಯುವುದು ಎಫ್‌ಸಿವಿ, ಅಂದರೆ ಬಿಸಿಗಾಳಿಯಲ್ಲಿ ಹದ ಮಾಡುವ ವರ್ಜೀನಿಯಾ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಗುರ ಮಣ್ಣಿನಲ್ಲಿ ಮಳೆಯಾಶ್ರಯದಲ್ಲಿ ಬರುವ ಸೊಪ್ಪಿಗೆ ವ್ಯಾಪಾರದಲ್ಲಿ ಕೆಎಲ್‌ಎಸ್, ಕರ್ನಾಟಕ ಲೈಟ್ ಸಾಯಿಲ್ ಎಂದೇ ಹೆಸರಿದೆ. ಹೊರದೇಶಕ್ಕೂ ಹೋಗುತ್ತದೆ. ಆದರೆ ನೀವು ಸೇದಿದ್ದು ಅರ್ಧ ಕೆಲಸ ಆದ ಸೊಪ್ಪು.

ಬ್ಯಾರನ್‌ನಲ್ಲಿ ಏನಾಗುತ್ತದೆ ಎಂದು ನಿಮಗೇ ನಾನು ಹೇಳಿಕೊಡುವುದು ಬೇಡ, ಆದರೆ ಉಳಿದ ಓದುಗರಿಗಾಗಿ ಎರಡು ಮಾತು. ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಎಲೆಯನ್ನು ಮೊದಲು 35ರಿಂದ 40 ಡಿಗ್ರಿ ಆಸುಪಾಸಿನಲ್ಲಿ ಇಟ್ಟು ಹಳದಿ ಮಾಡುತ್ತಾರೆ. ಆ ಹೊತ್ತಿನಲ್ಲಿ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖವನ್ನು ಮೆಲ್ಲಗೆ ಏರಿಸುತ್ತಾ, ನರ ಒಣಗಲು 70 ಡಿಗ್ರಿವರೆಗೆ ಒಯ್ಯುತ್ತಾರೆ. ಆ ಬಿಸಿಗೆ ಸಕ್ಕರೆ ಎಲೆಯಲ್ಲೇ ಉಳಿದುಬಿಡುತ್ತದೆ. ಬರ್ಲಿ ಎಂಬ ಇನ್ನೊಂದು ಜಾತಿಯನ್ನು ನೆರಳು, ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ. ಅದರಲ್ಲಿ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಅದಕ್ಕೇ ಬರ್ಲಿ ಸಪ್ಪೆ, ಕಡಲೆಬೀಜದಂಥ ರುಚಿ.

ನಿಮ್ಮ ಬ್ಯಾರನ್ ಬಾಗಿಲು ತೆರೆದಾಗ ಬರುವ ಸಿಹಿ ವಾಸನೆ ಇದೆಯಲ್ಲ, ಅದು ಆ ಸಕ್ಕರೆಯದೇ. ಆದರೂ ಒಳಗೆ ಹಸಿತನ ಇನ್ನೂ ಇರುತ್ತದೆ. ಹರಾಜಿನಲ್ಲಿ ಕೊಂಡವರು ಅದನ್ನು ಮತ್ತೆ ಒಣಗಿಸಿ, ತೇವ ಸಮ ಮಾಡಿ, ಪೆಟ್ಟಿಗೆಗೆ ಒತ್ತಿ ವರ್ಷ, ಎರಡು ವರ್ಷ ಗೋದಾಮಿನಲ್ಲಿ ಇಡುತ್ತಾರೆ. ಆ ಕಾಲದಲ್ಲಿ ಗಂಟಲು ಕೆರೆಯುವ ಗುಣ ಇಳಿಯುತ್ತದೆ. ಪೈಪಿಗಾದರೆ ಅದರ ಮೇಲೆ ಮತ್ತೆ ಒತ್ತಿ, ಶಾಖ ಕೊಟ್ಟು, ಕೇಕ್ ಮಾಡಿ, ಹೋಳು ಹೋಳಾಗಿ ಕೊಯ್ಯುತ್ತಾರೆ. ನಿಮ್ಮ ಸೊಪ್ಪಿಗೆ ಇದ್ಯಾವುದೂ ಆಗಿಲ್ಲ.

ಇನ್ನು ತಲೆ ಗಿರ್ ಅಂದದ್ದು. ಯಾವ ಎಲೆ ತೆಗೆದುಕೊಂಡಿರಿ? ತುದಿ ಎಲೆಯಾದರೆ ಹಾಗಾಗಲೇಬೇಕು. ತಳದ ಎಲೆ ತೆಳ್ಳಗೆ, ಖಾರ ಕಡಿಮೆ, ಬೇಗ ಉರಿದು ಬೂದಿ. ಮೇಲೆ ಹೋದಂತೆ ಎಲೆ ದಪ್ಪ, ಎಣ್ಣೆ ಜಾಸ್ತಿ, ನಿಕೋಟಿನ್ ಜಾಸ್ತಿ. ಸಪೂರ ಕಾಗದದಂಥ ಎಲೆಯಲ್ಲೂ ರುಚಿ ಇಲ್ಲ, ತೀರಾ ತುದಿಯದ್ದೂ ಆಗುವುದಿಲ್ಲ. ನಡುವಿನ ಎಲೆಯಲ್ಲಿ ಚೆನ್ನಾಗಿ ಹಣ್ಣಾದದ್ದು, ಕಿತ್ತಳೆ ಬಣ್ಣಕ್ಕೆ ತಿರುಗಿದ್ದು, ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಅಂಟುವಂಥದ್ದು ನನ್ನ ಆಯ್ಕೆ. ಅಂಚಿನಲ್ಲಿ ಹಸಿರು ಉಳಿದಿದ್ದರೆ ಪಕ್ಕಕ್ಕೆ ಹಾಕಿ. ಹಳದಿಯಾಗುವ ಮೊದಲೇ ಬೆಂಕಿ ಏರಿಸಿದ ಗುರುತು ಅದು, ಹುಲ್ಲು ಸುಟ್ಟ ರುಚಿ ಕೊಡುತ್ತದೆ. ನಡುನರವನ್ನು ತೆಗೆದೇ ತೆಗೆಯಬೇಕು.

ಇನ್ನೊಂದು ಪರೀಕ್ಷೆ. ಮನೆಯಲ್ಲಿ ಊದುಬತ್ತಿ ಇರುತ್ತದಲ್ಲ, ಅದನ್ನು ಹಚ್ಚಿ, ಜ್ವಾಲೆ ಆರಿಸಿ, ಕೆಂಡವನ್ನು ಎಲೆಯ ನಡುವಿಗೆ ತಾಗಿಸಿ ತೆಗೆಯಿರಿ. ಒಳ್ಳೆ ಎಲೆಯಲ್ಲಿ ಕೆಂಡ ತಾನಾಗಿ ಸುತ್ತಲೂ ಹರಡುತ್ತಾ ಹೋಗುತ್ತದೆ, ಹಿಂದೆ ಬೂದಿ ಬಿಡುತ್ತದೆ. ಕೆಲವು ಎಲೆಯಲ್ಲಿ ಕಪ್ಪು ತೂತಾಗಿ ಅಲ್ಲೇ ಸಾಯುತ್ತದೆ. ಅಂಥದ್ದರಲ್ಲಿ ಬಹಳ ಸಲ ಕ್ಲೋರೈಡ್ ಜಾಸ್ತಿ ಇರುತ್ತದೆ. ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಬೇಡಿ, ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಿ ಎಂದು ಅಧಿಕಾರಿಗಳು ಹೇಳುವುದು ಇದಕ್ಕೇ. ಮ್ಯೂರಿಯೇಟ್‌ನಲ್ಲಿ ಕ್ಲೋರೈಡ್ ಇದೆ. ಎಲೆ ಅದನ್ನು ಹೀರಿಕೊಂಡರೆ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಉರಿಯುವುದಿಲ್ಲ. ಕ್ಲೋರೈಡ್ 1.5 ಶೇಕಡಾ ದಾಟಬಾರದು ಎನ್ನುವುದು ವ್ಯಾಪಾರದ ಲೆಕ್ಕ. ಹೊಲದಲ್ಲಿ ಹಾಕಿದ ಗೊಬ್ಬರ ಯಾರದೋ ಪೈಪಿನಲ್ಲಿ ಪದೇಪದೇ ಆರಿಹೋಗಿ ಲೆಕ್ಕ ಒಪ್ಪಿಸುತ್ತದೆ.

ಎರಡು ಎಚ್ಚರಿಕೆ. ನಿಮಗೆ ಹರಾಜು ಕಟ್ಟೆ ಬಿಟ್ಟು ಬೇರೆ ಕಡೆ ಮಾರುವ ಅವಕಾಶ ಇಲ್ಲ, ‘ಊರಿನ ನ್ಯಾಚುರಲ್ ಪೈಪ್ ತಂಬಾಕು’ ಎಂದು ಪೊಟ್ಟಣ ಕಟ್ಟುವ ಯೋಚನೆ ಇದ್ದರೆ ಬಿಡಿ. ಮತ್ತೆ, ಮಳೆ, ಇಬ್ಬನಿಯಲ್ಲಿ ನೆನೆದ ಸೊಪ್ಪು ಮುರಿಯುವಾಗ ಬರಿಗೈ ಬೇಡ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ವಾಂತಿ, ತಲೆಸುತ್ತು ಬಂದರೆ ‘ಬಿಸಿಲು ತಾಗಿತು’ ಎಂದು ಸುಮ್ಮನಾಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳನ್ನಂತೂ ಆ ಕೆಲಸಕ್ಕೆ ಇಳಿಸಲೇಬೇಡಿ.

ಲಟಾಕಿಯಾ ಇರುವ ಮಿಶ್ರಣ ಒಂದು ಸಲ ಸೇದಿದೆ. ಸುಟ್ಟ ಸೌದೆಯ ವಾಸನೆ. ಈಗ ಆ ಪೈಪಿನಲ್ಲಿ ಏನು ಹಾಕಿದರೂ ಅದೇ ವಾಸನೆ. ಪೈಪು ಹಾಳಾಯಿತಾ?
— ಓದುಗರು, ಪಾಂಡವಪುರ

ಹಾಳಾಗಿಲ್ಲ, ಅದು ಈಗ ಲಟಾಕಿಯಾ ಪೈಪು. ಹಾಗೇ ಇಟ್ಟುಕೊಳ್ಳಿ.

ಲಟಾಕಿಯಾ ಸಿರಿಯಾದ ಬಂದರು ಊರು. ಅಲ್ಲಿಂದ ಈ ಸೊಪ್ಪಿಗೆ ಹೆಸರು ಬಂತು. ಈಗ ಮಾರುಕಟ್ಟೆಯಲ್ಲಿ ಸಿಗುವುದು ಸೈಪ್ರಸ್ ಬಗೆಯದ್ದು. ಸಣ್ಣ ಎಲೆಯ ತಂಬಾಕನ್ನು ಬಿಸಿಲಿಗೆ ಒಣಗಿಸಿ, ಆಮೇಲೆ ಸುವಾಸನೆಯ ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ಕಪ್ಪಾಗುವವರೆಗೆ ಇಡುತ್ತಾರೆ. ಆ ಹೊಗೆವಾಸನೆ ಯಾರೋ ಬಾಟಲಿಯಿಂದ ಸುರಿದದ್ದಲ್ಲ. ಹದ ಮಾಡುವಾಗಲೇ ಬಂದದ್ದು, ಹಾಗಾಗಿ ನ್ಯಾಚುರಲ್ ಗುಂಪಿಗೇ ಸೇರುತ್ತದೆ. ಇದರಲ್ಲಿ ನೋಡಬೇಕಾದ್ದು ಹೊಗೆ ಎಷ್ಟಿದೆ ಎಂದಲ್ಲ. ಹೊಗೆಯ ಹಿಂದೆ ಬೇರೆ ಎಲೆ ಕಾಣುತ್ತದಾ ಎಂದು. ಟರ್ಕಿ, ಗ್ರೀಸ್ ಕಡೆಯ ಓರಿಯಂಟಲ್ ಎಲೆಯ ಹುಳಿ, ವರ್ಜೀನಿಯಾದ ಸಿಹಿ ಎರಡೂ ಸಿಕ್ಕರೆ ಮಾಡಿದವನಿಗೆ ಕೈ ಇದೆ. ಬರೀ ಸೌದೆ ಒಲೆ ಸಿಕ್ಕರೆ, ಕಳಪೆ ವರ್ಜೀನಿಯಾವನ್ನು ಅದರ ಕೆಳಗೆ ಬಚ್ಚಿಟ್ಟಿದ್ದಾನೆ.

ಬ್ರಯರ್ ಪೈಪು ಮರದ್ದು, ಎರಿಕಾ ಅರ್ಬೋರಿಯಾ ಎಂಬ ಪೊದೆಯ ಬೇರುಗಡ್ಡೆಯಿಂದ ಕೆತ್ತಿದ್ದು. ವಾಸನೆ ಹಿಡಿದುಕೊಳ್ಳುತ್ತದೆ. ನಿಮ್ಮ ಹಾಗೆ ರುಚಿ ನೋಡುವ ಹುಚ್ಚು ಇರುವವರು ಜೋಳದ ದಿಂಡಿನ ಪೈಪು ಇಟ್ಟುಕೊಳ್ಳಿ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1869ರಿಂದ ಮಾಡುತ್ತಿದ್ದಾರೆ. ಅಗ್ಗ. ಒಂದೊಂದು ಬಗೆಗೆ ಒಂದೊಂದು ಇಟ್ಟುಕೊಂಡರೂ ಭಾರವಾಗದು. ಮಣ್ಣಿನ ಪೈಪಿನಲ್ಲಿ ರುಚಿ ಇನ್ನೂ ಸ್ವಚ್ಛ, ಆದರೆ ಕೈ ಸುಡುತ್ತದೆ.

ನ್ಯಾಚುರಲ್ ಅಂದರೆ ಕೆಮಿಕಲ್ ಇಲ್ಲ, ಹೊಗೆ ಒಳಗೆ ಎಳೆಯುವುದೂ ಇಲ್ಲ. ಹಾಗಾದರೆ ಸಿಗರೇಟಿಗಿಂತ ಸೇಫ್ ಅಲ್ವಾ?
— ಓದುಗರು, ಮದ್ದೂರು

ಅಲ್ಲ.

ಟಾಪಿಂಗ್ ಹಾಕಲಿ ಬಿಡಲಿ, ನಿಕೋಟಿನ್ ಎಲೆಯಲ್ಲೇ ಇದೆ. ಟಾರ್, ಕಾರ್ಬನ್ ಮಾನಾಕ್ಸೈಡ್ ಎಲೆ ಸುಟ್ಟಾಗ ಹುಟ್ಟುತ್ತವೆ. ಎದೆಗೆ ಎಳೆಯದಿದ್ದರೂ ಪೈಪಿನ ಹೊಗೆಯ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಇವುಗಳ ಕ್ಯಾನ್ಸರ್ ಪೈಪಿನಿಂದಲೂ ಬರಬಹುದು. ನಾನು ಹೇಳುವ ಪರೀಕ್ಷೆಯೆಲ್ಲ ರುಚಿಯ ಪರೀಕ್ಷೆ. ಬಾಯಲ್ಲಿ ಹುಣ್ಣು ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಈ ಅಂಕಣಕ್ಕೆ ಬರೆಯಬೇಡಿ, ಡಾಕ್ಟರ ಹತ್ತಿರ ಹೋಗಿ. ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಅದು.

ನಮ್ಮ ಯಜಮಾನರು ಹಾಲ್‌ನಲ್ಲೇ ಕೂತು ಪೈಪು ಸೇದುತ್ತಾರೆ. ‘ಇದು ಸಿಗರೇಟ್ ಥರ ನಾರುವುದಿಲ್ಲ, ಘಮ ಘಮ ಅನ್ನುತ್ತೆ, ಮಗುವಿಗೂ ಏನಾಗಲ್ಲ’ ಅಂತಾರೆ. ಹೌದಾ?
— ಗೃಹಿಣಿ, ವಿಜಯನಗರ, ಮೈಸೂರು

ಘಮ ಅನ್ನುವುದು ನಿಜ ಇರಬಹುದು ತಾಯಿ, ಏನೂ ಆಗಲ್ಲ ಅನ್ನುವುದು ಸುಳ್ಳು. ಮೂಗಿಗೆ ಹಿತವಾದ ಹೊಗೆ ಮಗುವಿನ ಎದೆಗೂ ಹಿತ ಎಂದು ಯಾರು ಹೇಳಿದರು ಅವರಿಗೆ? ವೆನಿಲಾ ಹಾಕಿದ್ದರೂ ಹೊಗೆ ಹೊಗೆಯೇ. ಕಿಟಕಿ ತೆಗೆದರೆ ಸಾಲದು, ಅವರೇ ಎದ್ದು ಆಚೆ ಹೋಗಬೇಕು. ಈ ಪುಟ ಕತ್ತರಿಸಿ ಅವರ ತಂಬಾಕಿನ ಡಬ್ಬದೊಳಗೆ ಇಡಿ.

ಪೈಪ್ ತಂಬಾಕಿನ ವಿಮರ್ಶೆಗಳಲ್ಲಿ ಅಂಜೂರ, ಲೆದರ್, ಪ್ಲಮ್ ಅಂತೆಲ್ಲ ಬರೆಯುತ್ತಾರೆ. ನನಗೆ ಹೊಗೆ ಬಿಟ್ಟು ಏನೂ ತಿಳಿಯುವುದಿಲ್ಲ. ನಾನು ಮಾರ್ಕ್ಸ್ ಹಾಕುವುದು ಹೇಗೆ?
— ಓದುಗರು, ಮಂಡ್ಯ

ನಿಮ್ಮ ಮೂಗು ಮಂಡ್ಯದ್ದು, ಅದಕ್ಕೆ ತರಬೇತಿ ಆಗಿಹೋಗಿದೆ. ಆಲೆಮನೆಯಲ್ಲಿ ಕೊಪ್ಪರಿಗೆ ಹತ್ತಿರ ನಿಂತಿದ್ದೀರಿ ತಾನೇ? ಕಬ್ಬಿನ ಹಾಲು ನೊರೆ ಉಕ್ಕುವಾಗಿನ ವಾಸನೆ ಬೇರೆ, ಪಾಕ ಗಟ್ಟಿಯಾಗುವಾಗಿನದು ಬೇರೆ, ತಳ ಹಿಡಿದಾಗಿನದು ಬೇರೆ. ವರ್ಜೀನಿಯಾದ ಸಿಹಿಯೂ ಹಾಗೇ ಮೂರು ಮೆಟ್ಟಿಲು ಹತ್ತುತ್ತದೆ. ಹಳದಿ ಎಲೆ ಮೊದಲನೆಯ ಹತ್ತಿರ, ಕೆಂಪು ಎಲೆ ಎರಡನೆಯ ಹತ್ತಿರ. ಮೂರನೆಯದು ಬಂದರೆ ನೀವು ಜೋರಾಗಿ ಎಳೆಯುತ್ತಿದ್ದೀರಿ. ಕಾಣದ ಪ್ಲಮ್ಮನ್ನು ಹುಡುಕುತ್ತಾ ಕೂರಬೇಡಿ.

ನಾನು ಒಂದು ವರ್ಜೀನಿಯಾ–ಪೆರೀಕ್ ಫ್ಲೇಕ್ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗಿದೆ: ‘ತಟ್ಟೆ ಕಂದು, ನಡುವೆ ಹಳದಿ ಗೆರೆ. ಮುರಿದರೆ ಒಣ ಶಬ್ದ ಇಲ್ಲ, ಬಾಗುತ್ತದೆ. ಮೂಸಿದರೆ ಹುಲ್ಲು, ಹಿಂದೆ ವಿನೆಗರ್. ಮೊದಲು ಹತ್ತಲು ಹಟ, ಆಮೇಲೆ ಸಮ. ಅರ್ಧದ ತನಕ ಸಿಹಿ ತೆಳ್ಳಗೆ, ಅರ್ಧದ ಮೇಲೆ ದಪ್ಪ. ಮೂಗಲ್ಲಿ ಕರಿಮೆಣಸು. ಕೊನೆಯಲ್ಲಿ ಕಹಿ ಇಲ್ಲ, ಸ್ವಲ್ಪ ಉಪ್ಪು. ಬೂದಿ ತಿಳಿ ಬೂದು, ತಳದಲ್ಲಿ ಒದ್ದೆ ಉಳಿದಿಲ್ಲ. ಬಾಯಲ್ಲಿ ರುಚಿ ಊಟದ ತನಕ.’ ಇಷ್ಟೇ. ಇದರಲ್ಲಿ ಕವಿತೆ ಒಂದು ಸಾಲೂ ಇಲ್ಲ, ನೋಡಿ. ಇನ್ನೊಬ್ಬರು ಅದೇ ಸೊಪ್ಪು ಸೇದಿ ಸಾಲುಸಾಲಾಗಿ ಒಪ್ಪಬಹುದು, ಜಗಳ ಆಡಬಹುದು.

ಮಾರ್ಕ್ಸಿನ ವಿಷಯಕ್ಕೆ ಬಂದರೆ, ನಾನು ಒಟ್ಟು ಮಾರ್ಕ್ಸಿನಲ್ಲಿ ಅರ್ಧವನ್ನು ಕೊನೆಯ ಮೂರನೇ ಭಾಗಕ್ಕೆ ಇಡುತ್ತೇನೆ. ಉರಿಯುವ ರೀತಿಗೆ ಸ್ವಲ್ಪ. ಉಳಿದದ್ದು ಮೊದಲ, ನಡು ಭಾಗದ ರುಚಿಗೆ. ಡಬ್ಬದ ವಾಸನೆಗೆ ಸೊನ್ನೆ. ಪಕ್ಕದವರ ಮೂಗಿಗೆ ಹೇಗಿದೆ ಎನ್ನುವುದಕ್ಕೂ ಸೊನ್ನೆ. ಇದು ಅನ್ಯಾಯ ಎಂದು ಕೆಲವರು ಗೊಣಗುತ್ತಾರೆ. ಹರಾಜು ಕಟ್ಟೆಯಲ್ಲಿ ಬೇಲಿನ ಮೇಲ್ಪದರಕ್ಕೆ ಮಾತ್ರ ಹೊಳೆಯುವ ಎಲೆ ಜೋಡಿಸಿ ತರುವವರನ್ನು ನೋಡಿದ ಮೇಲೆ ನನಗೆ ಮೇಲ್ನೋಟದಲ್ಲಿ ನಂಬಿಕೆ ಉಳಿದಿಲ್ಲ. ಬೇಲಿನೊಳಗೆ ಕೈ ಹಾಕಿ ನಡುವಿನ ಎಲೆ ಎಳೆಯಬೇಕು.

ಬೂದಿ ಬೆಳ್ಳಗಿದ್ದರೆ ಸೊಪ್ಪು ಒಳ್ಳೆಯದು ಎನ್ನುವ ಮಾತಿಗೂ ಪೂರ್ತಿ ಬೆಲೆ ಕೊಡಬೇಡಿ. ಚೆನ್ನಾಗಿ ಉರಿದಿದೆ ಎಂದಷ್ಟೇ ಅದು ಹೇಳುತ್ತದೆ, ರುಚಿ ಹೇಳುವುದಿಲ್ಲ.

ಇನ್ನೊಂದು ಉಪಾಯ. ಎರಡು ಬಗೆಯ ಸೊಪ್ಪನ್ನು ಒಂದೇ ಥರದ ಎರಡು ಜೋಳದ ಪೈಪಿನಲ್ಲಿ ಸ್ನೇಹಿತರ ಕೈಲಿ ತುಂಬಿಸಿ, ಯಾವುದು ಯಾವುದು ಎಂದು ಅವರು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಒಂದೇ ದಿನ ಎರಡೂ ಬೇಡ, ಬೇರೆ ಬೇರೆ ದಿನ ಅದೇ ಹೊತ್ತಿಗೆ ಸೇದಿ ಬರೆಯಿರಿ. ಆಮೇಲೆ ಚೀಟಿ ತೆಗೆಯಿರಿ. ದುಬಾರಿ ಡಬ್ಬಕ್ಕೆ ನಾವು ಎಷ್ಟು ಮಾರ್ಕ್ಸನ್ನು ಬರೀ ಬೆಲೆ ನೋಡಿ ಹಾಕುತ್ತೇವೆ ಎಂದು ಅಂದು ಗೊತ್ತಾಗುತ್ತದೆ.

ಕಡ್ಡಿಪುಡಿಯನ್ನು ಪೈಪಿಗೆ ಹಾಕಬಹುದಾ? ಅದೂ ನ್ಯಾಚುರಲ್ಲೇ ಅಲ್ವಾ?
— ತಮಾಷೆಗೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ, ಶ್ರೀರಂಗಪಟ್ಟಣ

ಎಲೆಅಡಿಕೆ ಜೊತೆ ಹಾಕಿಕೊಳ್ಳಲು ಮಾಡಿದ್ದನ್ನು ಪೈಪಿಗೆ ಹಾಕಿದರೆ ಪೈಪೂ ಹೋಯಿತು, ನಿಮ್ಮ ಸಂಜೆಯೂ ಹೋಯಿತು. ಬೇಡ. ಬಾಯಿಗೂ ಬೇಡ.

ಕಾಲೇಜು ಓದುವ ತಮ್ಮನಿಗೆ ನಿಮ್ಮ ಲೇಖನ ಓದಿ ಪೈಪಿನ ಆಸೆ ಹುಟ್ಟಿದೆ. ಯಾವ ಮಿಶ್ರಣದಿಂದ ಶುರು ಮಾಡಿಸಲಿ?
— ಓದುಗರು, ಕೆ.ಆರ್. ನಗರ

ಯಾವುದರಿಂದಲೂ ಬೇಡ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ತುಂಬಿದ್ದರೂ ನನ್ನ ಉತ್ತರ ಇದೇ. ಮೂಗಿನ ಹುಚ್ಚು ಇದ್ದರೆ ಕೊಡಗಿಗೆ ಕರೆದುಕೊಂಡು ಹೋಗಿ ಕಾಫಿ ರುಚಿ ನೋಡುವುದನ್ನು ಕಲಿಸಿ.

ವರ್ಜೀನಿಯಾ ಫ್ಲೇಕ್ ಡಬ್ಬ ತೆರೆದು ಬಹಳ ದಿನ ಆಯಿತು. ಈ ಮಳೆಗಾಲದಲ್ಲಿ ನೋಡಿದರೆ ಮೇಲೆಲ್ಲ ಬಿಳಿ ಬಿಳಿ. ಬೂಸ್ಟಾ, ಸಕ್ಕರೆಯಾ? ಹಳೆಯ ಸೊಪ್ಪಿನ ಮೇಲೆ ಸಕ್ಕರೆ ಹರಳು ಬರುತ್ತದೆ, ಅದು ಒಳ್ಳೆ ಗುರುತು ಅಂತ ಸ್ನೇಹಿತರು ಹೇಳುತ್ತಾರೆ.
— ಓದುಗರು, ಸರಸ್ವತಿಪುರಂ, ಮೈಸೂರು

ಬಹಳ ವರ್ಷ ಮುಚ್ಚಿಟ್ಟ ಫ್ಲೇಕ್ ಮೇಲೆ ಹರಳು ಕಾಣುವುದು ಉಂಟು. ಆದರೆ ನಿಮ್ಮದು ತೆರೆದ ಡಬ್ಬ, ಮೈಸೂರಿನ ಮಳೆಗಾಲ. ನನ್ನ ಅನುಮಾನ ಬೂಸ್ಟಿನ ಮೇಲೇ. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹರಳಾದರೆ ಮಿನುಗುತ್ತದೆ, ಎಲೆಗೆ ಅಂಟಿಕೊಂಡು ಚಪ್ಪಟೆ ಇರುತ್ತದೆ. ಬೂಸ್ಟಿಗೆ ಕೂದಲಿನಂಥ ಎಳೆ ಇರುತ್ತದೆ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬಿರುತ್ತದೆ, ಮುಗ್ಗಲು ಬಟ್ಟೆಯ ವಾಸನೆ ಹೊಡೆಯುತ್ತದೆ. ಬೂಸ್ಟಾದರೆ ಮೇಲಿನದ್ದು ಮಾತ್ರ ತೆಗೆದು ಉಳಿದದ್ದು ಸೇದೋಣ ಎನ್ನುವ ಜಿಪುಣತನ ಬೇಡ, ಡಬ್ಬ ಸಮೇತ ಬಿಸಾಕಿ. ಮುಂದಿನ ಸಲ ತೆರೆದ ದಿನವೇ ರಬ್ಬರ್ ವಾಷರ್ ಇರುವ ಗಾಜಿನ ಶೀಶೆಗೆ ಹಾಕಿ ಕತ್ತಲೆಯಲ್ಲಿಡಿ. ಫ್ರಿಜ್ಜಿನಲ್ಲಿ ಬೇಡ. ತೇವಕ್ಕೆ ಸೇಬಿನ ಹೋಳು, ಆಲೂಗಡ್ಡೆ ಚೂರು ಹಾಕುವ ಹಳೇ ಅಭ್ಯಾಸವೂ ಬೇಡ, ಬಹಳ ಸಲ ಬೂಸ್ಟು ಬರುವುದೇ ಅದರಿಂದ.